ಮುಟ್ಟುವ ಮೊದಲು ಕೇಳಿ: ರಾಜ್ಯದ ವೈದ್ಯರಿಗೂ ಆಪ್ತಸಮಾಲೋಚಕರಿಗೂ ಒಂದು ಬಹಿರಂಗ ಪತ್ರ

ಕರ್ನಾಟಕದ ಸ್ತ್ರೀರೋಗ ತಜ್ಞರಿಗೆ, ಮನೋವೈದ್ಯರಿಗೆ, ಆಪ್ತಸಮಾಲೋಚಕರಿಗೆ, ಹೆರಿಗೆ ವಾರ್ಡಿನ ನರ್ಸ್‌ಗಳಿಗೆ,

ಮಾನ್ಯರೇ,

ನಮಸ್ಕಾರ. ನಾನು ಒಂದು ತಾಲೂಕು ಕೇಂದ್ರದ ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ನನಗೀಗ 41 ವರ್ಷ. ಮದುವೆಯಾಗಿ 17 ವರ್ಷವಾಯಿತು, ಒಬ್ಬಳು ಮಗಳಿದ್ದಾಳೆ. ಪತ್ರಕ್ಕೆ ಹೆಸರು ಹಾಕಿಲ್ಲ, ದಯವಿಟ್ಟು ಕ್ಷಮಿಸಿ. ನಾನು ಬರೆಯುತ್ತಿರುವ ವಿಷಯ ನನ್ನ ಅಮ್ಮನಿಗೆ ಇನ್ನೂ ಗೊತ್ತಿಲ್ಲ. ಆ ಮನುಷ್ಯ ಇವತ್ತಿಗೂ ನಮ್ಮ ಮನೆಯ ಮದುವೆ ಮುಂಜಿಗಳಿಗೆ ಬರುತ್ತಾರೆ, ಮೊದಲ ಪಂಕ್ತಿಯಲ್ಲೇ ಊಟಕ್ಕೆ ಕೂರುತ್ತಾರೆ.

ನಿಮ್ಮ ಮೇಲೆ ನನಗೆ ದ್ವೇಷವಿಲ್ಲ. ನನ್ನ ಅಪ್ಪನ ಜೀವ ಉಳಿಸಿದ್ದು ನಿಮ್ಮಂಥ ಡಾಕ್ಟರೇ. ಆದರೆ 2008ರಿಂದ 2019ರವರೆಗೆ, ಹನ್ನೊಂದು ವರ್ಷ, ನಾನು ಒಂದೇ ತೊಂದರೆ ಹೊತ್ತುಕೊಂಡು ನಿಮ್ಮ ಬಾಗಿಲುಗಳನ್ನು ತಟ್ಟಿದೆ. ರಕ್ತ ಪರೀಕ್ಷೆ ಆಯಿತು, ಸ್ಕ್ಯಾನಿಂಗ್ ಆಯಿತು, ಹಾರ್ಮೋನ್ ನೋಡಿದ್ದಾಯಿತು. ಆದರೆ ಕೇಳಬೇಕಿದ್ದ ಒಂದು ಪ್ರಶ್ನೆಯನ್ನು ಅಷ್ಟು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ. ಈ ಪತ್ರ ಆ ಒಂದು ಪ್ರಶ್ನೆಗಾಗಿ.

ಆಗಿದ್ದನ್ನು ಎರಡೇ ಸಾಲಿನಲ್ಲಿ ಹೇಳಿಬಿಡುತ್ತೇನೆ. ಚಿಕ್ಕವಳಿದ್ದಾಗ, ಮನೆಯವರೆಲ್ಲ ನಂಬಿದ್ದ ನೆಂಟರೊಬ್ಬರು ನನ್ನ ಮೇಲೆ ದೌರ್ಜನ್ಯ ಮಾಡಿದರು. ಎರಡು ಬೇಸಿಗೆ ರಜೆ ಅದು ನಡೆಯಿತು. ಇದಕ್ಕಿಂತ ಜಾಸ್ತಿ ಬರೆಯುವುದಿಲ್ಲ. ನನಗೆ ಚಿಕಿತ್ಸೆ ಕೊಡುವುದಕ್ಕೂ ನಿಮಗೆ ಇದಕ್ಕಿಂತ ಜಾಸ್ತಿ ಬೇಕಿರಲಿಲ್ಲ.

24ಕ್ಕೆ ಮದುವೆಯಾಯಿತು. ಗಂಡ ಒಳ್ಳೆಯವರು, ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆದರೂ ಅವರು ಹತ್ತಿರ ಬಂದರೆ ನನ್ನ ಮೈ ಮುಚ್ಚಿಕೊಳ್ಳುತ್ತಿತ್ತು. ನಮ್ಮ ಹಿತ್ತಲಲ್ಲಿ ಮುಟ್ಟಿದರೆ ಮುನಿ ಗಿಡ ಇತ್ತಲ್ಲ, ಥೇಟ್ ಹಾಗೆ. ನಾನು ಬೇಡ ಅಂದುಕೊಂಡು ಮುಚ್ಚಿಕೊಳ್ಳುತ್ತಿರಲಿಲ್ಲ. ಮನಸ್ಸಿಗೆ ಬೇಕಿತ್ತು, ಮೈ ಕೇಳುತ್ತಿರಲಿಲ್ಲ. ತೊಡೆ ಕಲ್ಲಾಗುತ್ತಿತ್ತು, ಉಸಿರು ಅರ್ಧಕ್ಕೆ ನಿಲ್ಲುತ್ತಿತ್ತು, ಆಮೇಲೆ ನೋವು. ಇದಕ್ಕೆ ವೆಜಿನಿಸ್ಮಸ್ ಅಂತ ಹೆಸರಿದೆ, ಇದು ಗುಣವಾಗುವ ತೊಂದರೆ ಅನ್ನುವುದು ನನಗೆ ಗೊತ್ತಾಗಿದ್ದು ಹನ್ನೊಂದು ವರ್ಷದ ನಂತರ. ಅಲ್ಲಿಯವರೆಗೆ ನನಗಿದ್ದ ಹೆಸರು ಬೇರೆ. ಅತ್ತೆ ಮನೆಯಲ್ಲಿ "ಬಿಗುಮಾನದವಳು". ತವರಿನಲ್ಲಿ "ಸಿಡುಕಿ".

ಮೊದಲ ಸಲ ತೋರಿಸಲು ಹೋದ ದಿನ ನನಗೆ ಚೆನ್ನಾಗಿ ನೆನಪಿದೆ. ಯಾವ ಊರು, ಯಾವ ಆಸ್ಪತ್ರೆ ಅಂತ ಹೇಳುವುದಿಲ್ಲ. ಹಸಿರು ಪರದೆ. ಅದರ ಒಂದು ಕೊಂಡಿ ಕಿತ್ತುಹೋಗಿ, ಸಂದಿಯಿಂದ ಹೊರಗೆ ಕ್ಯೂನಲ್ಲಿ ನಿಂತವರ ಕಾಲು ಕಾಣುತ್ತಿತ್ತು. ಡಾಕ್ಟರ್ ಕೇಳಿದ್ದು ಎರಡೇ ಪ್ರಶ್ನೆ: ಮದುವೆಯಾಗಿ ಎಷ್ಟು ತಿಂಗಳು, ಮುಟ್ಟು ಸರಿಯಾಗಿ ಆಗುತ್ತಾ. ಆಮೇಲೆ "ಮಲಗಮ್ಮ" ಅಂದರು. ಮಲಗಿದೆ. ಏನು ಮಾಡುತ್ತೇನೆ ಅಂತ ಹೇಳದೆ ಪರೀಕ್ಷೆ ಶುರು ಮಾಡಿದರು. ನನ್ನ ಮಂಡಿ ತಾನಾಗಿ ಕೂಡಿಕೊಂಡಿತು. ನರ್ಸ್ ಎರಡೂ ಮಂಡಿಯನ್ನು ಗಟ್ಟಿಯಾಗಿ ಹಿಡಿದು ಅಗಲಿಸಿದರು. "ಮದುವೆಯಾದವಳು, ಇಷ್ಟಕ್ಕೆಲ್ಲ ಹೀಗೆ ಮಾಡ್ತಾರಾ? ಸುಮ್ನೆ ಮಲಕ್ಕೋ" ಅಂದರು ಡಾಕ್ಟರ್.

ನಾನು ಸುಮ್ಮನೆ ಮಲಗಿದೆ. ಫ್ಯಾನಿನ ಮೂರು ರೆಕ್ಕೆಯಲ್ಲಿ ಒಂದರ ತುದಿ ಸೊಟ್ಟಗಿತ್ತು. ಅದು ಒಂದು ಸುತ್ತು ಬರುವುದನ್ನೇ ಎಣಿಸುತ್ತಿದ್ದೆ. ಹೊರಗೆ ಬಂದಾಗ, ಡಾಕ್ಟರ್ ಏನಂದರು ಅಂತ ಗಂಡ ಕೇಳಿದರು. ನನಗೆ ಮಾತು ಹೊರಡಲಿಲ್ಲ. ಚಪ್ಪಲಿಯನ್ನು ಒಳಗೇ ಬಿಟ್ಟು ಬರಿಗಾಲಿನಲ್ಲಿ ಬಸ್‌ಸ್ಟ್ಯಾಂಡಿನವರೆಗೆ ನಡೆದಿದ್ದೆ. ಅದು ನನ್ನ ಗಮನಕ್ಕೆ ಬಂದಿದ್ದು ಬಸ್ ಹತ್ತುವಾಗ.

ಮಾನ್ಯರೇ, ಇಲ್ಲಿ ಒಂದು ವಿಷಯ ಹೇಳಬೇಕು. ಅವತ್ತು ನಾನು "ಸುಮ್ಮನೆ" ಮಲಗಿದ್ದನ್ನು ಆ ಡಾಕ್ಟರ್ ಸಹಕಾರ ಅಂದುಕೊಂಡರು. ಅದು ಸಹಕಾರ ಅಲ್ಲ. ಭಯ ಅತಿಯಾದಾಗ ಕೆಲವರು ಓಡುತ್ತಾರೆ, ಕೆಲವರು ತಿರುಗಿಬೀಳುತ್ತಾರೆ, ಇನ್ನು ಕೆಲವರ ಮೈ ಮರಗಟ್ಟುತ್ತದೆ. ಕೈ ಎತ್ತಲಾಗುವುದಿಲ್ಲ, ಗಂಟಲಿಂದ ಸ್ವರ ಬರುವುದಿಲ್ಲ. ಇದು ನಾವು ಯೋಚಿಸಿ ಮಾಡುವುದಲ್ಲ, ಮೈ ತನ್ನಷ್ಟಕ್ಕೆ ಮಾಡಿಬಿಡುತ್ತದೆ. "ಆಗ ಕಿರುಚಲಿಲ್ಲ ಯಾಕೆ" ಅಂತ ಕೇಳುವವರಿಗೂ ಇದೇ ಉತ್ತರ. ಹಾಗಾಗಿ ಪರೀಕ್ಷೆಯ ಮೇಜಿನ ಮೇಲೆ ಒಬ್ಬಳು ಕಲ್ಲಿನ ಹಾಗೆ ಅಲುಗಾಡದೆ ಮಲಗಿದ್ದರೆ, ಸೂರನ್ನೇ ದಿಟ್ಟಿಸುತ್ತಿದ್ದರೆ, ದಯವಿಟ್ಟು ಕೈ ತೆಗೆಯಿರಿ. ಅವಳ ಹೆಸರು ಹಿಡಿದು ಕರೆಯಿರಿ.

ಆಮೇಲಿನ ಕಥೆ ಬೇಗ ಹೇಳುತ್ತೇನೆ. ಮೂರು ವರ್ಷ ಮಕ್ಕಳಾಗಲಿಲ್ಲ ಅಂತ ಬಂಜೆತನದ ಕ್ಲಿನಿಕ್ಕಿಗೆ ಕಳಿಸಿದರು. ನಮ್ಮ ನಡುವೆ ಸಂಭೋಗವೇ ಆಗಿಲ್ಲ ಅನ್ನುವುದನ್ನು ಗಂಡ ತಲೆ ತಗ್ಗಿಸಿಕೊಂಡು ಹೇಳಿದರು. ಡಾಕ್ಟರ್ ತಲೆಯಾಡಿಸಿದರು, ಯಾಕೆ ಅಂತ ಕೇಳಲಿಲ್ಲ. "ಅದಕ್ಕೇನು, ಐಯುಐ ಮಾಡೋಣ. ಮಗು ಆದ್ರೆ ಎಲ್ಲಾ ಸರಿ ಹೋಗುತ್ತೆ" ಅಂದರು. ಐಯುಐ ಅಂದರೆ ವೀರ್ಯವನ್ನು ನಳಿಕೆಯಿಂದ ಗರ್ಭಕೋಶಕ್ಕೆ ಬಿಡುವುದು. ಅದನ್ನು ಮಂಪರು ಬರಿಸಿ ಮಾಡಿದರು. ಎರಡನೇ ಸಲಕ್ಕೆ ನಿಂತಿತು. 2013ರಲ್ಲಿ ಮಗಳು ಹುಟ್ಟಿದಳು. ಹೆರಿಗೆ ಕೋಣೆಯಲ್ಲಿ ಒಂದೇ ರಾತ್ರಿ ಎಷ್ಟು ಜನ ಬಂದು ಒಳಗೆ ಕೈ ಹಾಕಿ ನೋಡಿದರೋ ಲೆಕ್ಕವಿಲ್ಲ. ಅವರ ಮುಖವೂ ನನಗೆ ಕಾಣಲಿಲ್ಲ, ಹೆಸರೂ ಗೊತ್ತಾಗಲಿಲ್ಲ. ಮಗುವನ್ನು ಎದೆಯ ಮೇಲೆ ಇಟ್ಟಾಗ ನಾನು ಅಲ್ಲಿರಲೇ ಇಲ್ಲ. ದೂರದಲ್ಲಿ ಯಾರದೋ ಮಗು ಅಳುತ್ತಿದೆ ಅನ್ನಿಸಿತು. ಇದನ್ನು ಬರೆಯುವಾಗ ಈಗಲೂ ಕೈ ತಣ್ಣಗಾಗುತ್ತದೆ.

ಮಗು ಆಯಿತು, ಇನ್ನು ತೊಂದರೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು. ಆಸ್ಪತ್ರೆಯ ಕಡತದಲ್ಲಿ ನಾನು ಗುಣವಾದವಳು.

ಇನ್ನು ಗಂಡನ ಪಾಡು. ಅವರಿಗೆ ತಾನೇ ಸರಿಯಿಲ್ಲ ಅನ್ನುವ ಅನುಮಾನ. ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ "ಗುಪ್ತ ಸಮಸ್ಯೆಗೆ ಖಚಿತ ಪರಿಹಾರ, ತಿಂಗಳಿಗೊಮ್ಮೆ ಲಾಡ್ಜಿನಲ್ಲಿ ಭೇಟಿ" ಅಂತ ಬರೆದಿರುತ್ತಲ್ಲ, ಅಲ್ಲಿಗೆ ಹೋಗಿ ಎರಡು ತಿಂಗಳ ಸಂಬಳ ಸುರಿದು ಲೇಹ್ಯ ತಂದರು. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಅಂತ ಔಷಧಿಯ ಜಾಹೀರಾತು ಹಾಕುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಎಪ್ಪತ್ತು ವರ್ಷ ದಾಟಿದೆ, ಗೋಡೆಗಳು ಮಾತ್ರ ಹಾಗೇ ಇವೆ. ಸರಿಯಾದ ಡಾಕ್ಟರ್ ಬಾಯಿಬಿಟ್ಟು ಮಾತಾಡದೆ ಹೋದರೆ ಜನ ಆ ಗೋಡೆಯನ್ನೇ ನಂಬುತ್ತಾರೆ, ಇನ್ನೇನು ಮಾಡಿಯಾರು?

ಈಗ ಕೋಪದ ವಿಷಯಕ್ಕೆ ಬರುತ್ತೇನೆ. ಅದನ್ನು ಬಿಟ್ಟರೆ ಲೈಂಗಿಕತೆಯ ವಿಷಯ ಅರ್ಥವಾಗುವುದಿಲ್ಲ. ಎರಡೂ ಒಂದೇ ಬೇರಿನವು ಅಂತ ಗೊತ್ತಿಲ್ಲದೆ ನಾನು ಹೊಟ್ಟೆನೋವಿಗೆ ಒಂದು ಕಡೆ, ನಿದ್ದೆಗೆ ಒಂದು ಕಡೆ, ಕೋಪಕ್ಕೆ ದೇವಸ್ಥಾನಕ್ಕೆ ಅಂತ ಅಲೆದೆ.

ನಮ್ಮಜ್ಜಿ ಕಜ್ಜಾಯಕ್ಕೆ ಪಾಕ ತೆಗೆಯುವಾಗ "ಹದ ನೋಡು, ಹದ ನೋಡು" ಅನ್ನುತ್ತಿದ್ದಳು. ಮನಸ್ಸಿಗೂ ಒಂದು ಹದ ಇದೆ. ಆ ಹದದಲ್ಲಿದ್ದಾಗ ಬೇಸರ ಆಗುತ್ತದೆ, ತಡೆದುಕೊಳ್ಳುತ್ತೇವೆ. ಭಯ ಆಗುತ್ತದೆ, ಯೋಚಿಸುತ್ತೇವೆ. ಚಿಕ್ಕಂದಿನಲ್ಲಿ ಪೆಟ್ಟು ತಿಂದವರಿಗೆ ಈ ಹದ ತೀರಾ ಸಣ್ಣದು. ಸ್ವಲ್ಪಕ್ಕೇ ಹಾಲಿನ ಹಾಗೆ ಉಕ್ಕುತ್ತೇವೆ. ಇಲ್ಲದಿದ್ದರೆ ಮೊಸರಿನ ಹಾಗೆ ಹೆಪ್ಪುಗಟ್ಟುತ್ತೇವೆ. 2019ರ ಒಂದು ಭಾನುವಾರ ಆರು ವರ್ಷದ ಮಗಳು ಸಾರಿನ ಪಾತ್ರೆ ಬೀಳಿಸಿದಳು. ಪಾತ್ರೆ ಬಿದ್ದ ಸದ್ದಿಗೆ ನಾನು ಕೂಗಿದ ಕೂಗು ಪಕ್ಕದ ಮನೆಯವರನ್ನು ಹೊರಗೆ ತಂದಿತು. ಮಗಳು ಅಡುಗೆಮನೆಯ ಮೂಲೆಯಲ್ಲಿ, ಅಕ್ಕಿ ಡಬ್ಬದ ಹಿಂದೆ ಕೂತಿದ್ದಳು. ಎರಡೂ ಮಂಡಿ ಕೂಡಿಸಿ, ಅಲುಗಾಡದೆ. ಆ ಭಂಗಿ ನನಗೆ ಗೊತ್ತಿತ್ತು. ಅದು ನನ್ನದೇ ಭಂಗಿ.

ಆಮೇಲೆ ಎರಡು ದಿನ ನಾನು ಯಾರ ಜೊತೆಗೂ ಮಾತಾಡಲಿಲ್ಲ. ಮೂರನೇ ದಿನ ಸ್ಕೂಲಿಗೆ ರಜೆ ಹಾಕಿ ಬಸ್ ಹತ್ತಿದೆ.

ಆ ದಿನ ನಾನು ಕೂತ ಕೋಣೆ ತೀರಾ ಚಿಕ್ಕದು. ಎದುರಿಗಿದ್ದವರು ನನಗಿಂತ ಹತ್ತು ವರ್ಷ ಚಿಕ್ಕವರಾದ ಒಬ್ಬ ಮನಃಶಾಸ್ತ್ರಜ್ಞೆ. ಅವರು ಮೊದಲು ಕೇಳಿದ್ದು ಎಲ್ಲಿ ಕೂರುತ್ತೀರಿ ಅಂತ. ಎರಡು ಕುರ್ಚಿ ಇದ್ದವು. ನಾನು ಬಾಗಿಲು ಕಾಣುವ ಕುರ್ಚಿಯಲ್ಲಿ ಕೂತೆ. ಬಾಗಿಲು ಹಾಕಲಾ, ಸ್ವಲ್ಪ ತೆರೆದಿರಲಾ ಅಂದರು. ಸ್ವಲ್ಪ ತೆರೆದಿರಲಿ ಅಂದೆ. ಇಪ್ಪತ್ತು ನಿಮಿಷ ನಿದ್ದೆ, ಊಟ, ಕೆಲಸದ ಬಗ್ಗೆ ಮಾತಾಡಿದ ಮೇಲೆ ಅವರು ಹೀಗೆ ಕೇಳಿದರು: "ಇಲ್ಲಿಗೆ ಬರುವ ಎಲ್ಲರನ್ನೂ ಒಂದು ಪ್ರಶ್ನೆ ಕೇಳುತ್ತೇನೆ. ಚಿಕ್ಕಂದಿನಲ್ಲಿ ಆಗಲಿ, ಆಮೇಲೆ ಆಗಲಿ, ನಿಮಗೆ ಇಷ್ಟವಿಲ್ಲದ ಹಾಗೆ ಯಾರಾದರೂ ನಿಮ್ಮನ್ನು ಮುಟ್ಟಿದ್ದು ಇದೆಯಾ? ಇವತ್ತೇ ಹೇಳಬೇಕು ಅಂತ ಇಲ್ಲ. ನಾನು ಕೇಳಿದ್ದೇನೆ ಅನ್ನುವುದು ನಿಮಗೆ ಗೊತ್ತಿರಲಿ, ಸಾಕು."

ಅವತ್ತು ನಾನು ಹೇಳಲಿಲ್ಲ. ಇಲ್ಲ ಅಂದೆ. ಮೂರನೇ ಭೇಟಿಯಲ್ಲಿ ಹೇಳಿದೆ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, "ಕೇಳಿದ್ವಿ, ಇಲ್ಲ ಅಂದ್ರು" ಅಂತ ನಿಮ್ಮಲ್ಲಿ ಎಷ್ಟೋ ಮಂದಿ ಹೇಳುತ್ತೀರಿ. ಹೌದು, ಇಲ್ಲ ಅನ್ನುತ್ತೇವೆ. ಆದರೂ ಕೇಳಿದವರು ಯಾರು ಅನ್ನುವುದು ನಮಗೆ ಮರೆಯುವುದಿಲ್ಲ.

ಆಮೇಲೆ ಗೊತ್ತಾಗಿದ್ದು, ನಾನು ಆ ಕುರ್ಚಿಯಲ್ಲಿ ಕೂತ ವರ್ಷವೇ ನನ್ನ ತೊಂದರೆಗೆ ಜಗತ್ತಿನ ಪಟ್ಟಿಯಲ್ಲಿ ಜಾಗ ಸಿಕ್ಕಿತ್ತು ಅಂತ. ಯುದ್ಧ, ಅಪಘಾತದಂಥ ಆಘಾತದ ನಂತರ ಬರುವ ಮನೋರೋಗವಾದ ಪಿಟಿಎಸ್‌ಡಿಗೆ 1980ರಲ್ಲೇ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಹೆಸರು ಬಂದಿತ್ತು. ಆದರೆ ಪದೇ ಪದೇ, ತಪ್ಪಿಸಿಕೊಳ್ಳಲಾಗದ ಜಾಗದಲ್ಲಿ ಪೆಟ್ಟು ತಿಂದವರ ಸ್ಥಿತಿ ಬೇರೆ ಅಂತ ಜುಡಿತ್ ಹರ್ಮನ್ ಎಂಬ ಮನೋವೈದ್ಯೆ 1992ರಲ್ಲಿ ಬರೆದರು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ 11ನೇ ಪಟ್ಟಿಗೆ 2019ರಲ್ಲಿ ಒಪ್ಪಿಗೆ ಸಿಕ್ಕಿತು, 2022ರಿಂದ ಜಾರಿಯಲ್ಲಿದೆ. ಅದರಲ್ಲಿ ಈ ಸ್ಥಿತಿ, ಅಂದರೆ ಕಾಂಪ್ಲೆಕ್ಸ್ ಪಿಟಿಎಸ್‌ಡಿ ಪ್ರತ್ಯೇಕವಾಗಿ ಇದೆ. ಭಾವನೆಗಳ ಹದ ತಪ್ಪುವುದು, ನಾನು ಕೆಟ್ಟವಳು ಅನ್ನುವ ಗಟ್ಟಿ ನಂಬಿಕೆ, ಹತ್ತಿರದ ಸಂಬಂಧಗಳಲ್ಲಿ ಕಷ್ಟ, ಈ ಮೂರನ್ನೂ ಅದು ರೋಗದ ಲಕ್ಷಣ ಅಂತಲೇ ಹೇಳುತ್ತದೆ. ನನ್ನ ಸ್ವಭಾವ ಅಂದುಕೊಂಡಿದ್ದು ಲಕ್ಷಣ ಅಂತ ತಿಳಿದ ದಿನ ನಾನು ಬಸ್ಸಿನಲ್ಲಿ ಊರಿನವರೆಗೂ ಅತ್ತೆ. ಪಕ್ಕದ ಸೀಟಿನ ಅಜ್ಜಿ ಏನೂ ಕೇಳದೆ ಕಡಲೆಕಾಯಿ ಬಿಡಿಸಿ ಬಿಡಿಸಿ ನನ್ನ ಕೈಗೆ ಹಾಕುತ್ತಿದ್ದಳು.

ಚಿಕಿತ್ಸೆ ಎಲ್ಲಿಂದ ಶುರುವಾಯಿತು ಅನ್ನುವುದನ್ನು ಗಮನಿಸಿ. ಹಾಸಿಗೆಯಿಂದಲೂ ಅಲ್ಲ, ಹಳೆಯ ನೆನಪಿನಿಂದಲೂ ಅಲ್ಲ. ಹದದಿಂದ. ನಾಲ್ಕೈದು ತಿಂಗಳು ಬರೀ ಅದೇ. ಮೈಯಲ್ಲಿ ಮೊದಲು ಏನಾಗುತ್ತದೆ ಅಂತ ಗುರುತಿಸುವುದು. ನನಗೆ ಮೊದಲು ದವಡೆ ಬಿಗಿಯುತ್ತದೆ, ಆಮೇಲೆ ಅಂಗೈ ತಣ್ಣಗಾಗುತ್ತದೆ. ಅಷ್ಟು ಹೊತ್ತಿಗೆ ಹಿಡಿದರೆ ಉಕ್ಕುವುದನ್ನು ತಡೆಯಬಹುದು. ಉಸಿರು ಬಿಡುವುದನ್ನು ಎಳೆದುಕೊಳ್ಳುವುದಕ್ಕಿಂತ ನಿಧಾನ ಮಾಡುವುದು. ಹೆಪ್ಪುಗಟ್ಟಿದರೆ ಎದ್ದು ನಿಂತು ರೆಡ್ ಆಕ್ಸೈಡ್ ನೆಲದ ಮೇಲೆ ಅಂಗಾಲು ಊರಿ ತಣ್ಣಗನ್ನು ಅನುಭವಿಸುವುದು. ನಿಂಬೆಹಣ್ಣು ಉಗುರಿನಲ್ಲಿ ಗೀರಿ ಮೂಸುವುದು. ಕೋಣೆಯಲ್ಲಿ ಕಾಣುವ ಐದು ವಸ್ತುವಿನ ಹೆಸರು ಗಟ್ಟಿಯಾಗಿ ಹೇಳುವುದು. ಇಸವಿ ಹೇಳುವುದು. "ಇದು 2020. ಇದು ನನ್ನ ಮನೆ. ಚಿಲಕ ನನ್ನ ಕೈಯಲ್ಲಿದೆ." ಕೇಳುವವರಿಗೆ ಮಕ್ಕಳಾಟ ಅನ್ನಿಸಬಹುದು. ನನಗೆ ಅದು ಈಜು ಕಲಿತ ಹಾಗೆ. ಈಜು ಬಾರದವಳನ್ನು ನೆನಪಿನ ಬಾವಿಗೆ ಇಳಿಸಬಾರದು ಅಲ್ವಾ? ಮೊದಲ ದಿನವೇ "ಏನಾಯ್ತು, ಪೂರ್ತಿ ಹೇಳಿ" ಅಂತ ಕೆದಕುವ ಸಮಾಲೋಚಕರು ಈ ಮಾತನ್ನು ದಯವಿಟ್ಟು ನೆನಪಿಡಬೇಕು.

ಅದಾದ ಮೇಲೆಯೇ ಗಂಡ ಹೆಂಡತಿ ವಿಷಯಕ್ಕೆ ಬಂದಿದ್ದು. ಗಂಡನನ್ನೂ ಕರೆಸಿದರು. ಇದು ನಿಮ್ಮ ಮೇಲಿನ ಅಸಹ್ಯ ಅಲ್ಲ, ಹಳೆಯ ಭಯ, ಅಂತ ಅವರಿಗೆ ಬಿಡಿಸಿ ಹೇಳಿದರು. ಹನ್ನೆರಡು ವರ್ಷ ಆ ಮನುಷ್ಯ ಕಾಯುತ್ತಿದ್ದ ಮಾತು ಅದು. ಆಮೇಲೆ ಸಂಭೋಗಕ್ಕೆ ಪೂರ್ತಿ ರಜೆ ಕೊಟ್ಟರು. ಪ್ರಯತ್ನವೇ ಮಾಡಬಾರದು. ವಾರಕ್ಕೆ ಎರಡು ದಿನ, ಹದಿನೈದು ನಿಮಿಷ, ಅಂಗೈ ಮೇಲೆ ಅಂಗೈ ಇಡುವುದು ಮಾತ್ರ. ಮುಂದೆ ತೋಳು, ಆಮೇಲೆ ಬೆನ್ನು. ನನ್ನ ಕೈ ಮೇಲಿರಬೇಕು, ದಾರಿ ನಾನು ತೋರಿಸಬೇಕು. "ಸಾಕು" ಅಂದರೆ ಆ ಕ್ಷಣವೇ ನಿಲ್ಲಬೇಕು, ಯಾಕೆ ಅಂತ ಕೇಳುವ ಹಾಗಿಲ್ಲ. ಅಮೆರಿಕದ ಮಾಸ್ಟರ್ಸ್ ಮತ್ತು ಜಾನ್ಸನ್ ಎಂಬ ಇಬ್ಬರು ಲೈಂಗಿಕತೆಯ ಸಂಶೋಧಕರು 1970ರಲ್ಲಿ ಪರಿಚಯಿಸಿದ ವಿಧಾನ ಇದರ ಮೂಲವಂತೆ. ಜೊತೆಗೆ ಕಿಬ್ಬೊಟ್ಟೆಯ ಕೆಳಗಿನ ಸ್ನಾಯುಗಳನ್ನು ಸಡಿಲಿಸುವುದನ್ನು ಒಬ್ಬ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟರು.

ಒಂದು ರಾತ್ರಿ ನಾನು "ಸಾಕು" ಅಂದೆ. ಅವರು ಕೈ ತೆಗೆದರು, ಎದ್ದು ಹೋಗಿ ಇಬ್ಬರಿಗೂ ನೀರು ತಂದರು. ಅಷ್ಟೇ. ನಾನು ಬೇಡ ಅಂದೆ, ಅದು ನಿಂತಿತು. ನನ್ನ ಜೀವನದಲ್ಲಿ ಅದು ಮೊದಲ ಸಲ. ನನ್ನ ಪಾಲಿಗೆ ಗುಣವಾಗುವುದು ಶುರುವಾಗಿದ್ದು ಆ ನೀರಿನ ಲೋಟದಿಂದ. ಸುಖ ಆಮೇಲೆ ಬಂತು, ನಿಧಾನಕ್ಕೆ ಬಂತು, ಬಂತು ಅಂತ ಹೇಳಲು ನನಗೆ ನಾಚಿಕೆಯಿಲ್ಲ. ಲೈಂಗಿಕ ಆರೋಗ್ಯ ಅಂದರೆ ರೋಗ ಇಲ್ಲದಿರುವುದಷ್ಟೇ ಅಲ್ಲ, ಬಲವಂತ ಇಲ್ಲದ, ಸುರಕ್ಷಿತವಾದ, ಸುಖ ಕೊಡುವ ಅನುಭವಕ್ಕೆ ಅವಕಾಶ ಇರುವುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ನನ್ನಂಥವಳಿಗೆ ಮಗು ಕೊಟ್ಟು ಕಳಿಸಿದವರು ಆ ಸಾಲನ್ನು ಒಮ್ಮೆ ಓದಲಿ.

ನಡುವೆ ಮಾತ್ರೆಯ ಒಂದು ಮಾತು. ಸರ್ಟ್ರಲಿನ್ ಅನ್ನುವ ಮಾತ್ರೆ ನನಗೆ ನಿಜಕ್ಕೂ ನೆರವಾಯಿತು. ಕೆಟ್ಟ ಕನಸು ಕಡಿಮೆಯಾಯಿತು. ಆದರೆ ಅದೇ ಮಾತ್ರೆ ಕೆಲವರಲ್ಲಿ ಲೈಂಗಿಕ ಆಸೆಯನ್ನು ತಗ್ಗಿಸುತ್ತದೆ ಅಂತ ಬರೆದುಕೊಟ್ಟವರು ಹೇಳಲಿಲ್ಲ. ಆಗಷ್ಟೇ ಚಿಗುರುತ್ತಿದ್ದ ಆಸೆ ಬತ್ತಿದಾಗ ನಾನು ಮತ್ತೆ ಹಾಳಾದೆ ಅಂದುಕೊಂಡು ಯಾರಿಗೂ ಹೇಳದೆ ಮಾತ್ರೆ ಬಿಟ್ಟೆ. ತಲೆ ಸುತ್ತು, ಜುಮ್ಮೆನ್ನುವ ಕೈಕಾಲು, ಎರಡು ವಾರ ನರಕ. ಒಂದು ನಿಮಿಷ ತೆಗೆದುಕೊಂಡು ಹೇಳಿದ್ದರೆ ಆಗುತ್ತಿತ್ತು.

ನಾನೊಬ್ಬಳೇ ಅಲ್ಲ. ನಾನು ಹೋಗುತ್ತಿದ್ದ ಗುಂಪು ಚಿಕಿತ್ಸೆಯಲ್ಲಿ ಒಬ್ಬ ತಂಗಿ ಇದ್ದಳು. ಅವಳದು ನನ್ನ ತಿರುಗುಮುರುಗು. ನಾನು ಮುಚ್ಚಿಕೊಂಡರೆ ಅವಳು ಒಂಟಿತನ ತಡೆಯಲಾಗದೆ ಅಪಾಯದ ಸಂಬಂಧಗಳಿಗೆ ಬೀಳುತ್ತಿದ್ದಳು, ಮರುದಿನ ತನ್ನನ್ನೇ ಶಪಿಸಿಕೊಳ್ಳುತ್ತಿದ್ದಳು. ಅವಳಿಗೆ ಊರವರು ಇಟ್ಟ ಹೆಸರನ್ನು ಇಲ್ಲಿ ಬರೆಯಲಾರೆ. ಅವಳಿಗೂ ಹದ ತಪ್ಪಿತ್ತು, ನೋವು ಮರೆಯಲು ಅವಳ ಮೈ ಕಂಡುಕೊಂಡ ದಾರಿ ಅದು. ಅವಳಿಗೆ ಬೇಕಿದ್ದು ಬುದ್ಧಿಮಾತಲ್ಲ, ಚಿಕಿತ್ಸೆ.

ಇನ್ನೊಬ್ಬರು ಐವತ್ತರ ಗಂಡಸು. ಅವರ ಮಾತು ಕೇಳಿದಾಗ ನನ್ನ ಕಣ್ಣು ತೆರೆಯಿತು. ದೌರ್ಜನ್ಯದ ಹೊತ್ತಿನಲ್ಲಿ ಮೈ ತಾನಾಗಿ ಪ್ರತಿಕ್ರಿಯಿಸಿದ್ದಕ್ಕೆ, ತನಗೂ ಅದು ಬೇಕಿತ್ತೇನೋ ಅಂತ ಅವರು ಮೂವತ್ತೈದು ವರ್ಷ ಒಳಗೊಳಗೇ ಬೆಂದಿದ್ದರು. ಕಣ್ಣಿಗೆ ಧೂಳು ಬಿದ್ದರೆ ನೀರು ಬರುತ್ತದೆ, ಅದು ಅಳು ಅಲ್ಲ. ಮೈ ಪ್ರತಿಕ್ರಿಯಿಸುವುದು ಒಪ್ಪಿಗೆ ಅಲ್ಲ. ಇಷ್ಟನ್ನು ಒಬ್ಬ ಡಾಕ್ಟರ್ ಅವರಿಗೆ ಇಪ್ಪತ್ತರ ವಯಸ್ಸಿನಲ್ಲೇ ಹೇಳಿದ್ದಿದ್ದರೆ! ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿ ವರದಿ ಕೊಟ್ಟಿತ್ತು. 100ಕ್ಕೆ 53 ಮಕ್ಕಳು ಒಂದಲ್ಲ ಒಂದು ರೀತಿಯ ಲೈಂಗಿಕ ದೌರ್ಜನ್ಯ ಆಗಿದೆ ಅಂದಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಗಂಡುಮಕ್ಕಳು. ಆ ಮಕ್ಕಳೆಲ್ಲ ಈಗ ದೊಡ್ಡವರು. ಮದುವೆಯಾಗಿದ್ದಾರೆ, ಮಕ್ಕಳಾಗಿವೆ, ಬಿಪಿ ಅಂತಲೋ ನಿದ್ದೆ ಇಲ್ಲ ಅಂತಲೋ ನಿಮ್ಮ ಕ್ಯೂನಲ್ಲಿ ಚೀಟಿ ಹಿಡಿದು ನಿಂತಿದ್ದಾರೆ. 2012ರ ಪೋಕ್ಸೋ ಕಾಯ್ದೆ ಮಕ್ಕಳಿಗಾಗಿ ಬಂತು, ಒಳ್ಳೆಯದಾಯಿತು. ಅದಕ್ಕೂ ಮುಂಚೆಯೇ ಬೆಳೆದುಬಿಟ್ಟವರ ಗತಿ ಏನು ಅಂತ ಯಾರೂ ಯೋಚಿಸಲಿಲ್ಲ.

ಕಾನೂನಿನ ಬಗ್ಗೆ ನಾನು ಜಾಸ್ತಿ ಹೇಳುವಷ್ಟು ತಿಳಿದವಳಲ್ಲ. ಹೆಂಡತಿಯ ಒಪ್ಪಿಗೆ ಬೇಕು ಅನ್ನುವುದನ್ನು ನಮ್ಮ ಅಪರಾಧ ಕಾನೂನು ಇನ್ನೂ ಪೂರ್ತಿ ಒಪ್ಪಿಲ್ಲ, ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲೂ ಗಂಡನಿಗೆ ಕೊಟ್ಟ ವಿನಾಯಿತಿ ಹಾಗೇ ಉಳಿದಿದೆ. ಆದರೂ 2022ರ ಮಾರ್ಚಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಒಬ್ಬ ಗಂಡನ ಮೇಲಿನ ಅತ್ಯಾಚಾರದ ಆರೋಪವನ್ನು ರದ್ದು ಮಾಡಲು ಒಪ್ಪಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್, ಅತ್ಯಾಚಾರಕ್ಕೊಳಗಾದವರಿಗೆ ಎರಡು ಬೆರಳಿನ ಪರೀಕ್ಷೆ ಮಾಡುವವರು ದುರ್ನಡತೆಯ ತಪ್ಪಿತಸ್ಥರು ಅಂತ ಹೇಳಿ, ಅದನ್ನು ವೈದ್ಯ ಪಠ್ಯದಿಂದ ತೆಗೆಸಿ ಅಂತ ಸೂಚಿಸಿತು. ಕೋರ್ಟು ಅಷ್ಟು ಹೇಳಿದ ಮೇಲೂ "ಮದುವೆಯಾದವಳು, ಸುಮ್ನೆ ಮಲಕ್ಕೋ" ಅನ್ನುವ ಮಾತು ನಿಲ್ಲಿಸಲು ನಿಮಗೆ ಇನ್ನೊಂದು ತೀರ್ಪು ಬೇಕಾಗಿಲ್ಲ. ನೀವೇ ನಿಲ್ಲಿಸಬಹುದು, ನಾಳೆಯಿಂದಲೇ.

ನಾನು ಕೇಳುವುದು ದೊಡ್ಡ ಕಟ್ಟಡ ಅಲ್ಲ. ಒಳ ಪರೀಕ್ಷೆಗೆ ಮುಂಚೆ ಏನು ಮಾಡುತ್ತೀರಿ, ಯಾಕೆ, ಎಷ್ಟು ಹೊತ್ತು ಅಂತ ಹೇಳಿ. ಮಾಡಬಹುದಾ ಅಂತ ಕೇಳಿ. ಕೈ ಎತ್ತಿದರೆ ನಿಲ್ಲಿಸುತ್ತೇನೆ ಅನ್ನಿ, ಎತ್ತಿದಾಗ ನಿಲ್ಲಿಸಿ. ಇವತ್ತು ಬೇಡ ಅಂದರೆ ಇನ್ನೊಂದು ದಿನ ಕೊಡಿ. ಹೆರಿಗೆ ಕೋಣೆಯಲ್ಲಿ ನೋವಿನಲ್ಲಿರುವವಳಿಗೂ ಇದೇ ಮರ್ಯಾದೆ ಸಿಗಲಿ, ಕಡೇಪಕ್ಷ ನಿಮ್ಮ ಹೆಸರು ಹೇಳಿ. ಸಂಭೋಗ ಆಗುತ್ತಿಲ್ಲ ಅಂತ ಒಂದು ಜೋಡಿ ಬಂದರೆ ಮಗುವಿನ ದಾರಿ ತೋರಿಸುವ ಮೊದಲು ಯಾಕೆ ಆಗುತ್ತಿಲ್ಲ ಅಂತ ವಿಚಾರಿಸಿ. ಆ ವಿಚಾರಣೆಯನ್ನು ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಮಾಡಿ. ಅತ್ತೆಯ ಮುಂದೆ, ಗಂಡನ ಮುಂದೆ ಯಾವ ಹೆಂಗಸು ಬಾಯಿಬಿಟ್ಟಾಳು? ಹೇಳಿದ್ದನ್ನು ಗುಟ್ಟಾಗಿ ಇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ನಮಗೆ ಚಿಕಿತ್ಸೆಯ ಹಕ್ಕನ್ನೂ ಗುಟ್ಟಿನ ಹಕ್ಕನ್ನೂ ಕೊಟ್ಟಿದೆ. ಗಂಡಸರನ್ನೂ ಕೇಳಿ. ಅವರು ನಮಗಿಂತ ಗಟ್ಟಿಯಾಗಿ ಬಾಯಿ ಹೊಲಿದುಕೊಂಡಿರುತ್ತಾರೆ.

ಮತ್ತು ಇದು ಬೆಂಗಳೂರಿಗೆ ಮಾತ್ರ ಸೀಮಿತ ಆಗುವುದು ಬೇಡ. ನಿಮ್ಹಾನ್ಸ್ ನಮ್ಮ ರಾಜ್ಯದಲ್ಲಿದೆ ಅನ್ನುವುದು ನಮ್ಮ ಹೆಮ್ಮೆ. ಜಿಲ್ಲೆಗೇ ಮಾನಸಿಕ ಆರೋಗ್ಯ ಸೇವೆ ಒಯ್ಯಬಹುದು ಅಂತ 80ರ ದಶಕದಲ್ಲಿ ದೇಶಕ್ಕೆ ತೋರಿಸಿದ್ದೇ ನಮ್ಮ ಬಳ್ಳಾರಿ. ಮನೋಚೈತನ್ಯ ಅನ್ನುವ ಹೆಸರಿನಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಬಂತು. ಟೆಲಿ ಮಾನಸ್‌ನ 14416 ಸಹಾಯವಾಣಿ ನಂಬರಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಇವೆಲ್ಲ ಇವೆ, ನಾನು ಅಲ್ಲಗಳೆಯುವುದಿಲ್ಲ. ನನ್ನ ಬೇಡಿಕೆ ಇಷ್ಟೇ: ಆ ಮಂಗಳವಾರದ ಕೋಣೆಗೆ ಒಂದು ಬಾಗಿಲು ಇರಲಿ, ಮುಂದಿನ ರೋಗಿ ಬೆನ್ನ ಹಿಂದೆಯೇ ನಿಂತಿರದಿರಲಿ. ಅಲ್ಲಿ ಕೂರುವವರಿಗೂ ಆ ಫೋನ್ ಎತ್ತುವವರಿಗೂ ಆಘಾತದ ಬಗ್ಗೆ, ಲೈಂಗಿಕ ತೊಂದರೆಯ ಬಗ್ಗೆ ಮುಜುಗರವಿಲ್ಲದೆ ಮಾತಾಡುವ ತರಬೇತಿ ಕೊಡಿ. ನಮ್ಮ ಮಾತಿನಲ್ಲೇ ಮಾತಾಡಲಿ. ಎಷ್ಟೋ ಹೆಂಗಸರು "ಮೈ ಸರಿ ಇಲ್ಲ", "ಎದೆ ಡವಡವ", "ಯಾಕೋ ಸೇರಲ್ಲ" ಅಂತಷ್ಟೇ ಹೇಳುತ್ತಾರೆ. ಆ ಮೂರು ಮಾತಿನ ಹಿಂದೆ ಏನಿರಬಹುದು ಅಂತ ಹುಡುಕುವ ಕಿವಿ ಬೇಕು.

ಆಶಾ ಕಾರ್ಯಕರ್ತೆ ಮೊನ್ನೆ ಮನೆಗೆ ಬಂದಿದ್ದರು. ಮೂವತ್ತು ದಾಟಿದ ಹೆಂಗಸರಿಗೆಲ್ಲ ಗರ್ಭಕಂಠದ ಕ್ಯಾನ್ಸರ್ ಪರೀಕ್ಷೆ ಮಾಡುತ್ತಾರಲ್ಲ, ಅದಕ್ಕೆ ನನ್ನ ಹೆಸರನ್ನೂ ಬರೆದುಕೊಂಡರು. ಹನ್ನೊಂದು ವರ್ಷದಿಂದ ನಾನು ಅದನ್ನು ತಪ್ಪಿಸಿಕೊಂಡೇ ಬಂದಿದ್ದೇನೆ. ನನ್ನಂಥ ಎಷ್ಟು ಜನ ಹೀಗೆ ತಪ್ಪಿಸಿಕೊಳ್ಳುತ್ತಿದ್ದಾರೋ. ಈ ಸಲ ಹೋಗುತ್ತೇನೆ. ಮಗಳ ನೋಟ್‌ಬುಕ್ಕಿನ ಒಂದು ಹಾಳೆ ಹರಿದು ಚೀಟಿ ಬರೆದಿಟ್ಟುಕೊಂಡಿದ್ದೇನೆ. ಅದರಲ್ಲಿ ಹೀಗಿದೆ: "ಹಿಂದೆ ನನ್ನ ಮೇಲೆ ದೌರ್ಜನ್ಯ ಆಗಿದೆ. ಒಳ ಪರೀಕ್ಷೆ ಅಂದರೆ ನನಗೆ ಭಯ. ಪ್ರತಿ ಹೆಜ್ಜೆಗೂ ಮುಂಚೆ ಹೇಳಿ. ಸಾಕು ಅಂದರೆ ನಿಲ್ಲಿಸಿ. ಮಾತು ನಿಂತರೆ ನನ್ನ ಹೆಸರು ಕರೆಯಿರಿ."

ನಿಮ್ಮಲ್ಲಿ ಯಾರ ಕೈಗಾದರೂ ಆ ಚೀಟಿ ಬಂದರೆ, ಗ್ಲೌಸ್ ಹಾಕಿಕೊಳ್ಳುವ ಮೊದಲು ಅದನ್ನು ಓದಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಹೈಸ್ಕೂಲ್ ಶಿಕ್ಷಕಿ